ಕೇಳದೆ ಪಡೆದ ದಾನ

೨೦೧೭ನೆಯ ಫೆಬ್ರವರಿಯಲ್ಲಿ ಕರ್ಣಾಟಕದಲ್ಲೆಲ್ಲ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನವು ಆರಂಭವಾದಾಗ, ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ಅದು ವಿಹಿತವಾಗಿತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಶಾಲೆಯ ಮಕ್ಕಳೂ ತೋಳು ಚಾಚಿದರು. ಆ ಲಸಿಕೆಯ ರುಬೆಲ್ಲಾ ರೋಗಾಣುವನ್ನು ಬೆಳೆಸುವುದು ಹಿಂದೊಮ್ಮೆ ಮನುಷ್ಯಭ್ರೂಣದಿಂದ ತೆಗೆದು, ದಶಕಗಳಿಂದ ಪ್ರಯೋಗಶಾಲೆಗಳಲ್ಲಿ ವೃದ್ಧಿಗೊಳಿಸುತ್ತ ಬಂದ ಜೀವಕೋಶಗಳಲ್ಲಿ ಎಂಬುದು ಎಷ್ಟು ಮಂದಿ ತಂದೆತಾಯಿಗಳಿಗೆ ತಿಳಿದಿತ್ತು?

ತಿಳಿದೊಡನೆ ಕೆಲವರು ‘ಶಿವಶಿವಾ, ಮುಟ್ಟಬಾರದ್ದು’ ಎಂದು ಹಿಂದೆಗೆಯುತ್ತಾರೆ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದರೆ ಶಿಶುವು ಕುರುಡಾಗಿಯೋ ಕಿವುಡಾಗಿಯೋ ಹೃದಯದ ಊನದೊಡನೆಯೋ ಹುಟ್ಟಬಹುದು. ಅದನ್ನು ತಡೆಯುವ ಔಷಧವನ್ನು ಮಡಿಯ ನೆಪದಿಂದ ದೂಡುವುದು ಇನ್ನೊಬ್ಬಳ ಕೂಸಿನ ಮೇಲೆ ಪ್ರಾಯಶ್ಚಿತ್ತವನ್ನು ಹೊರಿಸಿದಂತೆ. ಅಲ್ಲದೆ ಪ್ರತಿಯೊಂದು ಲಸಿಕೆಗೂ ಹೊಸ ಭ್ರೂಣವು ಬೇಕಿಲ್ಲ. ಈ ಪಕ್ಷದೊಡನೆ ಹೆಚ್ಚು ಕಾಲ ಕಳೆಯಬೇಕಾದುದಿಲ್ಲ.

ಎರಡನೆಯ ಪಕ್ಷವೇ ಹೆಚ್ಚು ಅಪಾಯಕರ. ಏಕೆಂದರೆ ಅದು ವಿದ್ಯೆಯ ವೇಷದಲ್ಲಿ ಬರುತ್ತದೆ. ಹೇಗೂ ಸುಡತಕ್ಕ ವಸ್ತುವಿಗೆ ಅಪ್ಪಣೆ ಕೇಳುವುದೇನು ಎಂಬುದು ಅದರ ವಾದ. ಜೈವಿಕ ವೈದ್ಯಕೀಯ ತ್ಯಾಜ್ಯದ ೨೦೧೬ರ ನಿಯಮಗಳು ಅಂಥ ಭ್ರೂಣವನ್ನು ಹಳದಿ ಚೀಲಕ್ಕೆ ಸೇರಿಸುತ್ತವೆಂಬುದು ನಿಜ. ಆದರೆ ಅದು ಸೋಂಕು ಹರಡದಿರಲೆಂದು ಮಾಡಿದ ಕಟ್ಟಳೆಯೇ ಹೊರತು, ಬಂದವರು ಕೊಂಡೊಯ್ಯಲೆಂದು ಕೊಟ್ಟ ಪರವಾನಗಿಯಲ್ಲ. ಕೊಬ್ಬರಿಯ ಸೀಮೆಯಲ್ಲಿ ಸುಲಿದ ಕಾಯಿಯ ಸಿಪ್ಪೆಯನ್ನು ಸಹ ತೋಟದವನನ್ನು ಕೇಳದೆ ಗಾಡಿಗೆ ತುಂಬಿದವನಿಗೆ ಕಳ್ಳನೆಂದೇ ಹೆಸರು. ಉಪಮೆಯು ಒರಟೇ ಸರಿ, ವಾದವೂ ಒರಟಾದುದೇ.

ಕೇಳದಿದ್ದುದರ ಕಥೆಯು ಹಳೆಯದು. ೧೯೬೨ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯ ಹೇಫ್ಲಿಕ್ ಎಂಬ ವಿಜ್ಞಾನಿಯು ಸ್ವೀಡನ್ ದೇಶದಿಂದ ಬಂದ ಭ್ರೂಣವೊಂದರ ಶ್ವಾಸಕೋಶದಿಂದ ಜೀವಕೋಶಗಳ ಸಂತತಿಯನ್ನು ಬೆಳೆಸಿದನು. ಆ ತಾಯಿಯನ್ನು ಯಾರೂ ಕೇಳಲಿಲ್ಲ. ಅದೇ ಕೋಶಗಳಲ್ಲಿ ಪ್ಲಾಟ್ಕಿನ್ ಎಂಬ ವೈದ್ಯನು ಪಳಗಿಸಿದ ರುಬೆಲ್ಲಾ ರೋಗಾಣುವಿನ ಹೆಸರು ಆರ್‌.ಎ. ೨೭/೩. ಇಪ್ಪತ್ತೇಳನೆಯ ಭ್ರೂಣ, ಮೂರನೆಯ ಅಂಗಾಂಶ ಎಂದು ಅದರ ಅರ್ಥ. ತಿಪಟೂರಿನ ಮಕ್ಕಳ ತೋಳಿಗೆ ಬಂದದ್ದೂ ಈ ವಂಶದ್ದೇ. ಎಣಿಕೆಯು ಉಳಿಯಿತು, ಇಪ್ಪತ್ತೇಳು ಹೆಂಗಸರಲ್ಲಿ ಒಬ್ಬಳೂ ಆ ಹೆಸರಿನಲ್ಲಿ ಉಳಿಯಲಿಲ್ಲ.

೧೯೭೧ರ ವೈದ್ಯಕೀಯ ಗರ್ಭಪಾತ ಕಾಯಿದೆಯು ಹೆಂಗಸಿನ ಸಮ್ಮತಿಯನ್ನು ಬೇಡುತ್ತದೆ. ಆದರೆ ಆ ರುಜುವು ಚಿಕಿತ್ಸೆಗೆ ಮಾತ್ರ ಸಲ್ಲುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೦೬ರ ನೀತಿಸೂತ್ರಗಳು ಇದನ್ನು ಕಂಡುಕೊಂಡೇ ಎರಡು ಹಂತದ ಸಮ್ಮತಿಯನ್ನು ವಿಧಿಸಿದವು: ಗರ್ಭಪಾತಕ್ಕೆ ಒಂದು, ಅಂಗಾಂಶದ ದಾನಕ್ಕೆ ಇನ್ನೊಂದು. ನೋವಿನಿಂದ ನರಳುವವಳ ಮುಂದೆ ಎರಡು ಕಾಗದಗಳನ್ನೂ ಒಟ್ಟಿಗೆ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡರೆ ಸೂತ್ರದ ಅಕ್ಷರವು ನಡೆದೀತು, ಅರ್ಥವು ಕೆಟ್ಟೀತು.

ದುಃಖದಲ್ಲಿರುವವಳನ್ನು ಕೇಳುವುದು ಕ್ರೌರ್ಯವೆಂದು ಕೆಲವರು ಮರುಗುತ್ತಾರೆ. ಈ ಮರುಕವು ಉಳಿಸುವುದು ಹೆಂಗಸಿನ ಸಂಕಟವನ್ನಲ್ಲ, ಕೇಳಬೇಕಾದವರ ಸಂಕೋಚವನ್ನು. ೨೦೦೬ರಲ್ಲಿ ರಾಜಕುಮಾರರ, ೨೦೨೧ರಲ್ಲಿ ಪುನೀತರ ಕಣ್ಣುಗಳನ್ನು ಮನೆಯವರು ಅಳುತ್ತಲೇ ಕೊಟ್ಟರು. ಅದನ್ನು ಕಂಡು ನೇತ್ರದಾನಕ್ಕೆ ಹೆಸರು ಬರೆಸಿದವರು ಬಹುಮಂದಿ. ಗರ್ಭವನ್ನು ಕಳೆದುಕೊಂಡವಳು ಕೊಡಲಾರಳೆಂದು ಮೊದಲೇ ತೀರ್ಮಾನಿಸಲು ಯಾರಿಗೇನಧಿಕಾರ?

ಆ ಎರಡನೆಯ ಕಾಗದವು ಕನ್ನಡದಲ್ಲಿರಬೇಕು. ಮೊದಲನೆಯ ನಿರ್ಧಾರವು ಮುಗಿದ ಮೇಲೆ, ಸಂಶೋಧನೆಯಲ್ಲಿ ಪಾಲಿಲ್ಲದವರೊಬ್ಬರು ಅದನ್ನು ಓದಿ ಹೇಳಬೇಕು. ‘ಬೇಡ’ ಎಂದವಳ ಶುಶ್ರೂಷೆಯು ಎಳ್ಳಷ್ಟೂ ಕುಂದಕೂಡದು.