ಬೆನ್ನಿನ ಉಸಿರು, ಬಗಲಿನ ಉಸಿರು

೧೮೮೦ರ ನವೆಂಬರ್ ತಿಂಗಳು. ಇಂಗ್ಲೆಂಡಿಗೂ ವೇಲ್ಸಿಗೂ ನಡುವಣ ಸೆವರ್ನ್ ನದಿಯ ಕೆಳಗೆ ರೈಲಿಗಾಗಿ ತೋಡುತ್ತಿದ್ದ ಸುರಂಗಕ್ಕೆ ನೀರು ನುಗ್ಗಿ ಒಂದು ವರ್ಷ ಕಳೆದಿತ್ತು. ಆ ನೀರನ್ನು ಹೊರಹಾಕಬೇಕಾದರೆ, ಸುರಂಗದೊಳಗೆ ಸುಮಾರು ಸಾವಿರ ಅಡಿ ದೂರದಲ್ಲಿದ್ದ ಕಬ್ಬಿಣದ ಬಾಗಿಲೊಂದನ್ನು ಯಾರಾದರೂ ಹೋಗಿ ಮುಚ್ಚಬೇಕಾಗಿತ್ತು. ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರನು ಕತ್ತಲಲ್ಲಿ ತಡವರಿಸುತ್ತ ಹೊರಟನು. ಆದರೆ ಮೇಲಿನಿಂದ ಗಾಳಿಯೊದಗಿಸುವ ಉದ್ದನೆಯ ಕೊಳವೆಯನ್ನು ಅಷ್ಟು ದೂರ ಎಳೆದೊಯ್ಯುವುದು ಅವನಿಂದಾಗಲಿಲ್ಲ. ಕೊನೆಗೆ, ಹೆನ್ರಿ ಫ್ಲೂಸ್ ಎಂಬಾತನು ಕೆಲವೇ ವರ್ಷಗಳ ಹಿಂದೆ ರಚಿಸಿದ್ದ ಸಾಧನವೊಂದನ್ನು ಧರಿಸಿ, ಕೊಳವೆಯ ಹಂಗಿಲ್ಲದೆ ನಡೆದುಹೋಗಿ, ಬಾಗಿಲನ್ನು ಮುಚ್ಚಿ ಬಂದನು.

ಕೊಳವೆಯಿಲ್ಲದೆ ಅವನು ಉಸಿರಾಡಿದುದು ಹೇಗೆ? ತಾನು ಬಿಟ್ಟ ಉಸಿರನ್ನೇ ಮರಳಿ ಸೇವಿಸಿ! ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ ೨೧ ಪಾಲು. ಮನುಷ್ಯನು ಹೊರಬಿಡುವ ಉಸಿರಿನಲ್ಲಿಯೂ ಸುಮಾರು ೧೬ ಪಾಲು ಉಳಿದೇ ಇರುತ್ತದೆ. ಆ ಉಸಿರನ್ನು ಚೀಲದಲ್ಲಿ ಹಿಡಿದು, ಅದರೊಳಗಿನ ಇಂಗಾಲಾಮ್ಲವನ್ನು ರಾಸಾಯನಿಕದಿಂದ ಹೀರಿಸಿ, ಕಡಮೆಯಾದಷ್ಟು ಆಮ್ಲಜನಕವನ್ನು ಸಿಲಿಂಡರಿನಿಂದ ತುಂಬಿಕೊಟ್ಟರೆ ಅದೇ ಗಾಳಿ ಮತ್ತೆ ಸೇವನೆಗೆ ಯೋಗ್ಯವಾಗುತ್ತದೆ. ಇದೇ ರೀಬ್ರೀದರ್. ಇಂದಿನ ಸಾಧನಗಳಲ್ಲಿ ಸೋಡಾ ಸುಣ್ಣದ ಕಾಳುಗಳು ಇಂಗಾಲಾಮ್ಲವನ್ನು ಹೀರುತ್ತವೆ. ಆಮ್ಲಜನಕದ ಪ್ರಮಾಣವನ್ನು ವಿದ್ಯುತ್ ಮಾಪಕಗಳು ಎಡೆಬಿಡದೆ ಅಳೆಯುತ್ತಿರುತ್ತವೆ.

ಈ ಯಂತ್ರದ ಮಿತವ್ಯಯ ಬೆರಗುಗೊಳಿಸುವಂಥದು. ನಿಧಾನವಾಗಿ ಈಜುವವನ ದೇಹವು ನಿಮಿಷಕ್ಕೆ ಸುಮಾರು ಒಂದು ಲೀಟರು ಆಮ್ಲಜನಕವನ್ನು ಮಾತ್ರ ಬಳಸುತ್ತದೆ. ಆಳ ಹೆಚ್ಚಿತೆಂದು ಈ ಖರ್ಚು ಹೆಚ್ಚುವುದಿಲ್ಲ. ೨ ಲೀಟರಿನ ಸಿಲಿಂಡರಿನಲ್ಲಿ ೨೦೦ ಪಟ್ಟು ಒತ್ತಡದಲ್ಲಿ ತುಂಬಿದ ೪೦೦ ಲೀಟರು, ಲೆಕ್ಕಕ್ಕೆ, ಆರು ಗಂಟೆಗೂ ಮಿಕ್ಕಿ ಸಾಲುತ್ತದೆ.

ಆದರೆ ಯಂತ್ರವೇ ಕೆಟ್ಟರೆ? ಸುಣ್ಣದೊಳಕ್ಕೆ ನೀರು ಹೊಕ್ಕರೆ, ಮಾಪಕವು ಸುಳ್ಳು ಹೇಳಿದರೆ? ಆಗ ಸಿಲಿಂಡರಿನಿಂದ ನೇರವಾಗಿ ಸೇದಿ ನೀರಿಗೆ ಬಿಟ್ಟುಬಿಡುವ ಪದ್ಧತಿಯೇ ಗತಿ. ಜಿಪುಣನ ಸಂಸಾರವು ಒಂದೇ ಕ್ಷಣದಲ್ಲಿ ದುಂದುಗಾರನದಾಗುತ್ತದೆ. ದಡದ ಮೇಲೆ ನಿಮಿಷಕ್ಕೆ ೨೦ ಲೀಟರು ಗಾಳಿ ಸಾಕಾಗುವವನಿಗೆ, ಒತ್ತಡವು ಐದು ಪಟ್ಟಾಗಿರುವ ೪೦ ಮೀಟರು ಆಳದಲ್ಲಿ ೧೦೦ ಲೀಟರು ಬೇಕು. ಯಂತ್ರದಲ್ಲೇ ಅಡಕವಾಗಿರುವ ೩ ಲೀಟರಿನ ಸಿಲಿಂಡರಿನ ೬೦೦ ಲೀಟರು ಆರೇ ನಿಮಿಷಕ್ಕೆ ಮುಗಿಯುತ್ತದೆ. ಗಾಬರಿಯಿಂದ ಉಸಿರು ಇಮ್ಮಡಿಯಾದರೆ ಮೂರೇ ನಿಮಿಷ! ಹಾಗೆಂದು ಥಟ್ಟನೆ ಮೇಲಕ್ಕೇಳುವಂತೆಯೂ ಇಲ್ಲ. ರಕ್ತದಲ್ಲಿ ಕರಗಿರುವ ಅನಿಲವು ಗುಳ್ಳೆಗಟ್ಟದಂತೆ ಅಲ್ಲಲ್ಲಿ ತಂಗುತ್ತ ಏರಬೇಕು.

ಆದುದರಿಂದಲೇ ಮುಳುಗುಗಾರರು ಹೆಚ್ಚಿನ ಸಿಲಿಂಡರುಗಳನ್ನು ಜೊತೆಗೊಯ್ಯುವುದು. ಅಡುಗೆಮನೆಯಲ್ಲಿ ಎರಡನೆಯ ಸಿಲಿಂಡರು ತುಂಬಿರುವ ಗೃಹಿಣಿಯ ನೆಮ್ಮದಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ೧೧ ಲೀಟರಿನ ಅಲ್ಯೂಮಿನಿಯಂ ಸಿಲಿಂಡರು ಬರಿದಾಗಿದ್ದರೂ ನೆಲದ ಮೇಲೆ ಸುಮಾರು ೧೪ ಕಿಲೋ ತೂಗುತ್ತದೆ. ನೀರಿನಲ್ಲಿ ಭಾರವೇ ತೋರದು, ಅನಿಲ ತೀರುತ್ತ ಬಂದಂತೆ ತೇಲತೊಡಗುತ್ತದೆ. ಇದನ್ನು ಬೆನ್ನಿಗೆ ಬಿಗಿಯುವವರೂ ಉಂಟು. ಆದರೆ ಬಹುಮಂದಿ ಅದರ ಕೊರಳಿಗೊಂದು, ನಡುವಿಗೊಂದು ಕೊಂಡಿ ಹಾಕಿ, ಭುಜದ ಮತ್ತು ಸೊಂಟದ ಪಟ್ಟಿಯ ಬಳೆಗಳಿಗೆ ಸಿಕ್ಕಿಸಿ, ಬಗಲಿನಲ್ಲಿ ಒಯ್ಯುತ್ತಾರೆ. ಆಗ ತಿರುಪು ಕೈಗೆ ಸಿಗುತ್ತದೆ, ಮಾಪಕ ಕಣ್ಣಿಗೆ ಕಾಣುತ್ತದೆ. ಅಗತ್ಯ ಬಿದ್ದರೆ ಬಿಚ್ಚಿ ಸಂಗಡಿಗನಿಗೆ ಕೊಡಲೂಬಹುದು. ಒಳಗಿನ ಅನಿಲವನ್ನು ಎಷ್ಟು ಆಳದವರೆಗೆ ಸೇವಿಸಬಹುದೆಂಬುದನ್ನು ಸಿಲಿಂಡರಿನ ಮೈಮೇಲೆ ದಪ್ಪ ಅಂಕಿಗಳಲ್ಲಿ ಬರೆದಿರಬೇಕು. ಶುದ್ಧ ಆಮ್ಲಜನಕಕ್ಕೆ ೬ ಮೀಟರೇ ಮಿತಿ. ಅದಕ್ಕಿಂತ ಆಳದಲ್ಲಿ ಅದೇ ಪ್ರಾಣವಾಯು ಸೆಳವು ಬರಿಸಿ ಪ್ರಾಣವನ್ನೇ ತೆಗೆಯಬಲ್ಲುದು.

ಸಿಲಿಂಡರು ಇದ್ದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವಲ್ಲ. ೨೦೧೪ರ ಫೆಬ್ರವರಿಯಲ್ಲಿ ನಾರ್ವೆಯ ಪ್ಲೂರಾ ಜಲಗುಹೆಗೆ ಫಿನ್ಲೆಂಡಿನ ಐವರು ರೀಬ್ರೀದರ್ ಧರಿಸಿ ಇಳಿದರು. ನೂರು ಮೀಟರಿಗೂ ಮಿಕ್ಕ ಆಳದ ಇಕ್ಕಟ್ಟಿನಲ್ಲಿ ಒಬ್ಬನು ಸಿಕ್ಕಿಬಿದ್ದನು. ಮುಂದಿದ್ದ ಗೆಳೆಯನು ಹಿಂದಿರುಗಿ ಬಂದು ತನ್ನದೇ ಸಿಲಿಂಡರನ್ನು ಕೊಟ್ಟನು. ಅಷ್ಟರಲ್ಲಿ ಭೀತಿಯಿಂದ ಏದುಸಿರಾಗಿದ್ದ ಆತನು, ಒಂದು ಕೊಳವೆಯನ್ನು ಬಿಟ್ಟು ಇನ್ನೊಂದನ್ನು ಬಾಯಿಗಿಡುವ ಸಂದಿನಲ್ಲಿ ನೀರು ಕುಡಿದು ಅಸುನೀಗಿದನು. ಅಂದು ಇನ್ನೊಬ್ಬನೂ ಸತ್ತನು. ಮೂವರು ಮಾತ್ರ ಬದುಕಿ ಬಂದರು.

ಬಾಯಿಯ ಕೊಳವೆಯನ್ನು ತೆಗೆಯದೆಯೇ, ತಿರುಪೊಂದನ್ನು ತಿರುವಿ ಯಂತ್ರದಿಂದ ಸಿಲಿಂಡರಿಗೆ ಬದಲಾಯಿಸುವ ಏರ್ಪಾಡು ಈಗ ಅನೇಕ ಸಾಧನಗಳಲ್ಲಿದೆ. ಬಗಲಿನ ಸಿಲಿಂಡರನ್ನು ಅದಕ್ಕೆ ಜೋಡಿಸಿದರೆ ಆ ಅಪಾಯದ ಸಂದು ಬಹಳ ಕಿರಿದಾಗುತ್ತದೆ. ಆದರೂ ಅಭ್ಯಾಸಕ್ಕೆ ಬದಲಿಲ್ಲ. ಕಣ್ಣು ಮುಚ್ಚಿದರೂ ಕೈ ತಾನಾಗಿ ತಿರುಪನ್ನು ಹುಡುಕುವವರೆಗೆ ತಿಳಿನೀರಿನ ಕೊಳದಲ್ಲಿ ನೂರಾರು ಬಾರಿ ಪಳಗಬೇಕು.

ಲ್ಯಾಂಬರ್ಟ್ ಸುರಂಗಕ್ಕೆ ನಡೆದಾಗ ಅವನ ಬಗಲಿನಲ್ಲಿ ಇಂಥ ಎರಡನೆಯ ಉಸಿರು ಇರಲಿಲ್ಲ, ಧೈರ್ಯವೊಂದೇ ಇತ್ತು. ಇಂದಿನ ಜಾಣ ಮುಳುಗುಗಾರನು ತುಂಬಿದ ಸಿಲಿಂಡರನ್ನು ಹೊತ್ತೊಯ್ದು, ಮುಟ್ಟದೆಯೇ ಮರಳಿ ತರುತ್ತಾನೆ. ಅದನ್ನು ಎಂದೂ ವ್ಯರ್ಥದ ಹೊರೆಯೆಂದು ಎಣಿಸುವುದಿಲ್ಲ.