ಎಂಜಿನ್ನಿನ ಎಣ್ಣೆಯನ್ನು ಒಮ್ಮೆ ನಾವೇ ಬದಲಿಸೋಣ

ಡೀಸೆಲ್ ಕಾರಿನ ಎಂಜಿನ್ನಿಗೆ ಹೊಸ ಎಣ್ಣೆಯನ್ನು ತುಂಬಿಸಿ ಒಂದೆರಡು ವಾರ ಓಡಿಸಿದ ಮೇಲೆ, ಮಟ್ಟವನ್ನು ತೋರಿಸುವ ಡಿಪ್‌ಸ್ಟಿಕ್ ಕಡ್ಡಿಯನ್ನು ಹೊರಗೆಳೆದು ನೋಡಿದರೆ, ಹೊನ್ನಿನ ಬಣ್ಣದ ಎಣ್ಣೆ ಕಾಡಿಗೆಯಂತೆ ಕಪ್ಪಾಗಿರುತ್ತದೆ. ಇದನ್ನು ಕಂಡ ಮಾಲೀಕನಿಗೆ ಸಾಮಾನ್ಯವಾಗಿ ಎರಡು ಸಂದೇಹಗಳು ಹುಟ್ಟುತ್ತವೆ. ಗ್ಯಾರೇಜಿನವನು ಹಳೆಯ ಎಣ್ಣೆಯನ್ನೇ ಬಿಟ್ಟು ಹೊಸ ಎಣ್ಣೆಯ ಹಣವನ್ನು ಪಡೆದಿರಬೇಕೆಂಬುದು ಒಂದು. ಎಂಜಿನ್ನಿನಲ್ಲಿ ಏನೋ ದೋಷ ಸೇರಿರಬೇಕೆಂಬುದು ಇನ್ನೊಂದು. ಬಣ್ಣವೊಂದೇ ಆಧಾರವಾಗಿದ್ದರೆ ಈ ಎರಡು ಸಂದೇಹಗಳಿಗೂ ಬುಡವಿಲ್ಲ. ಆದರೂ ವಿದ್ಯಾವಂತರ ಮನೆಗಳಲ್ಲಿಯೂ ಅವು ಉಳಿದುಬಂದಿವೆ. ಇದರಿಂದ ಪ್ರಾಮಾಣಿಕನಾದ ಕೆಲಸಗಾರನು ಅಪವಾದಕ್ಕೆ ಗುರಿಯಾಗುತ್ತಾನೆ. ಅಪ್ರಾಮಾಣಿಕನಾದವನು ಸರಿಯಾದ ಪ್ರಶ್ನೆಗೆ ಸಿಕ್ಕದೆ ತಪ್ಪಿಸಿಕೊಳ್ಳುತ್ತಾನೆ.

ವಿಜ್ಞಾನವನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ವಿದ್ಯಾರ್ಥಿನಿಯೂ, ಅನುಕೂಲವಿದ್ದಲ್ಲಿ, ಕೆಲಸ ಬಲ್ಲವರೊಬ್ಬರ ಎದುರಿನಲ್ಲಿ, ಡೀಸೆಲ್ ಕಾರಿನ ಎಣ್ಣೆಯನ್ನೂ ಅದರ ಫಿಲ್ಟರನ್ನೂ ತಮ್ಮ ಕೈಯಿಂದಲೇ ಒಮ್ಮೆಯಾದರೂ ಬದಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಇದರಿಂದ ಉಳಿಯುವ ಕೂಲಿಯ ಹಣ ಅಲ್ಪ. ಅದಕ್ಕಾಗಿ ನಾವು ಇದನ್ನು ಹೇಳುತ್ತಿಲ್ಲ. ಕಣ್ಣಿಗೆ ತೋರುವುದಕ್ಕೂ ವಿಚಾರದಿಂದ ತಿಳಿಯುವುದಕ್ಕೂ ಇರುವ ಅಂತರವನ್ನು ಇಷ್ಟು ಸುಲಭವಾಗಿ ಕಲಿಸುವ ಪ್ರಯೋಗ ನಮ್ಮ ಪ್ರಯೋಗಾಲಯಗಳಲ್ಲಿಯೂ ವಿರಳ. ಆ ಅಂತರವನ್ನು ಬಲ್ಲವನು ಮಾತ್ರ ಇನ್ನೊಬ್ಬರ ಕೆಲಸವನ್ನು ನ್ಯಾಯವಾಗಿ ತೂಗಬಲ್ಲನು.

ಮೊದಲು ಎಣ್ಣೆಯ ಕೆಲಸವೇನೆಂಬುದನ್ನು ನೋಡೋಣ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆಯನ್ನು ಬಳಿಯುತ್ತಿದ್ದ ನಮ್ಮ ರೈತನಿಗೆ, ಎಣ್ಣೆಯು ಘರ್ಷಣೆಯನ್ನು ತಗ್ಗಿಸುತ್ತದೆಂಬುದು ತಿಳಿದೇ ಇತ್ತು. ಅದು ಹೇಗೆ ತಗ್ಗಿಸುತ್ತದೆಂಬುದು ಸ್ಪಷ್ಟವಾದುದು ೧೮೮೩ರ ಸುಮಾರಿಗೆ. ಇಂಗ್ಲೆಂಡಿನ ಬೀಚಂ ಟವರ್ ಎಂಬಾತನು ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ, ಎಣ್ಣೆ ಹೊಯ್ಯಲೆಂದು ಬೇರಿಂಗಿನ ನೆತ್ತಿಯಲ್ಲಿ ಕೊರೆದಿದ್ದ ತೂತಿನಿಂದ ಎಣ್ಣೆಯೇ ಮೇಲಕ್ಕೆ ಉಕ್ಕಿಬಂದಿತು. ತೂತಿಗೆ ಬೆಣೆ ಜಡಿದರೆ ಬೆಣೆಯೂ ಹೊರಬಿದ್ದಿತು. ಒತ್ತಡಮಾಪಕವನ್ನು ಜೋಡಿಸಿ ನೋಡಿದಾಗ, ಅಚ್ಚಿನ ಮೇಲಿನ ಹೊರೆಯಿಂದ ಉಂಟಾಗುವ ಸರಾಸರಿ ಒತ್ತಡದ ಇಮ್ಮಡಿಗಿಂತಲೂ ಹೆಚ್ಚು ಒತ್ತಡ ಎಣ್ಣೆಯಲ್ಲಿ ಕಂಡುಬಂದಿತು. ಅಂದರೆ ಲೋಹದ ಮೇಲೆ ಲೋಹ ಕುಳಿತಿರಲಿಲ್ಲ. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಎಳೆದುಕೊಂಡು, ಆ ತೆಳುಪೊರೆಯ ಮೇಲೆ ತೇಲುತ್ತಿತ್ತು. ೧೮೮೬ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ನಿರೂಪಿಸಿದನು. ಈ ಪೊರೆ ನಿಲ್ಲಬೇಕಾದರೆ ಎಣ್ಣೆಗೆ ತಕ್ಕಷ್ಟು ಸ್ನಿಗ್ಧತೆ ಇರಲೇಬೇಕು.

ಕಾರಿನ ಎಂಜಿನ್ನಿನ ಬೇರಿಂಗುಗಳಲ್ಲಿಯೂ ನಡೆಯುವುದು ಇದೇ. ಅಲ್ಲಿಯ ಪೊರೆ ನಮ್ಮ ತಲೆಗೂದಲಿಗಿಂತ ಎಷ್ಟೋ ಪಾಲು ತೆಳುವಾದುದು. ಕಾರು ಗಂಟೆಗೆ ಸರಾಸರಿ ೪೦ ಕಿಲೋಮೀಟರ್ ವೇಗದಲ್ಲಿ ೧೦,೦೦೦ ಕಿಲೋಮೀಟರ್ ಓಡಿತೆಂದು ಇಟ್ಟುಕೊಳ್ಳೋಣ. ಅದಕ್ಕೆ ೨೫೦ ಗಂಟೆಗಳು ಬೇಕು. ಎಂಜಿನ್ನು ನಿಮಿಷಕ್ಕೆ ಸರಾಸರಿ ೨,೦೦೦ ಸುತ್ತು ತಿರುಗಿದರೆ, ಅಷ್ಟರಲ್ಲಿ ಮೂರು ಕೋಟಿ ಸುತ್ತುಗಳಾಗುತ್ತವೆ. ಚಿಕ್ಕ ಕಾರೊಂದರಲ್ಲಿ ಇಷ್ಟು ಸುತ್ತುಗಳನ್ನೂ ಕಾಯುವುದು ಮೂರು ನಾಲ್ಕು ಲೀಟರ್ ಎಣ್ಣೆ ಮಾತ್ರ. ಅದು ಲೋಹಗಳನ್ನು ಬೇರ್ಪಡಿಸುವುದಲ್ಲದೆ ಶಾಖವನ್ನು ಹೊತ್ತೊಯ್ಯುತ್ತದೆ, ಆಮ್ಲಗಳನ್ನು ತಟಸ್ಥಗೊಳಿಸುತ್ತದೆ, ಕೊಳೆಯನ್ನು ತೊಳೆಯುತ್ತದೆ.

ಈ ಕೊನೆಯ ಕೆಲಸದಲ್ಲಿಯೇ ಕಪ್ಪಿನ ರಹಸ್ಯವಿದೆ. ರುಡಾಲ್ಫ್ ಡೀಸೆಲ್ ೧೮೯೭ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಸಾಧನವಿಲ್ಲ. ಈಗಿನ ಡೀಸೆಲ್ ಕಾರುಗಳಲ್ಲಿ ಗಾಳಿಯನ್ನು ಅದರ ಗಾತ್ರದ ಸುಮಾರು ಹದಿನಾರನೆಯ ಒಂದು ಪಾಲಿಗೆ ಅದುಮಿದಾಗ, ಅದರ ಉಷ್ಣತೆ ೫೦೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಆ ಬಿಸಿಗಾಳಿಗೆ ಸಿಂಪಡಿಸಿದ ಇಂಧನ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದರೆ ಇಂಧನದ ಹನಿಗಳು ಗಾಳಿಯೊಡನೆ ಪೂರ್ತಿ ಬೆರೆಯಲು ಕಾಲಾವಕಾಶ ಸಾಲದು. ಗಾಳಿ ಸಾಲದ ಕಡೆಗಳಲ್ಲಿ, ಬುಡ್ಡಿದೀಪದ ಬತ್ತಿಯನ್ನು ಅತಿಯಾಗಿ ಏರಿಸಿದಾಗ ಆಗುವಂತೆ, ಮಸಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಭಾಗ ಪಿಸ್ಟನ್ ಉಂಗುರಗಳನ್ನು ದಾಟಿ ಎಣ್ಣೆಗೆ ಸೇರುತ್ತದೆ. ಎಣ್ಣೆಯಲ್ಲಿ ಬೆರೆಸಿರುವ ಕೆಲವು ರಾಸಾಯನಿಕಗಳು ಈ ಮಸಿಯ ಕಣಗಳನ್ನು ಸುತ್ತುವರಿದು, ಅವು ಒಂದಕ್ಕೊಂದು ಅಂಟಿಕೊಂಡು ರಾಡಿಯಾಗದಂತೆ ತೇಲಿಸಿಡುತ್ತವೆ. ಕೊಳೆಯನ್ನು ತನ್ನಲ್ಲಿ ಹಿಡಿದಿಟ್ಟಿರುವುದರಿಂದಲೇ ಎಣ್ಣೆ ಕಪ್ಪಾಗಿದೆ. ಬಟ್ಟೆ ಒಗೆದ ನೀರು ಕೊಳೆಯಾಗದಿದ್ದರೆ ಬಟ್ಟೆ ಶುಭ್ರವಾಯಿತೆಂದು ಹೇಳಲಾದೀತೆ?

ಹಾಗಾದರೆ ಫಿಲ್ಟರು ಏತಕ್ಕೆ ಎಂದು ವಾಚಕರು ಕೇಳಬಹುದು. ಮಸಿಯ ಬಿಡಿಕಣಗಳ ಗಾತ್ರ ಕೆಲವು ಹತ್ತು ನ್ಯಾನೋಮೀಟರುಗಳು. ಫಿಲ್ಟರಿನ ಕಾಗದ ಹಿಡಿಯುವುದಾದರೋ ಮೈಕ್ರೋಮೀಟರುಗಳಲ್ಲಿ ಅಳೆಯುವ ಲೋಹದ ಚೂರು, ಧೂಳು, ಗಟ್ಟಿಯಾದ ಇದ್ದಿಲು. ಅಕ್ಕಿಯ ಜರಡಿಯಲ್ಲಿ ಹಿಟ್ಟನ್ನು ತಡೆಯಲಾಗದು. ಫಿಲ್ಟರು ಕಟ್ಟಿಕೊಂಡರೆ ಒಂದು ಕವಾಟ ತೆರೆದು, ಎಣ್ಣೆಯನ್ನು ಸೋಸದೆಯೇ ಮುಂದಕ್ಕೆ ಬಿಡುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳಕು ಎಣ್ಣೆ ಲೇಸೆಂಬುದು ಅದನ್ನು ರಚಿಸಿದವರ ವಿವೇಕ. ಆದರೆ ಕವಾಟ ಹೀಗೆ ತೆರೆದುದು ಚಾಲಕನಿಗೆ ತಿಳಿಯುವುದಿಲ್ಲ. ಆದುದರಿಂದ ಎಣ್ಣೆಯನ್ನು ಬದಲಿಸುವಾಗ ಫಿಲ್ಟರನ್ನು ಉಳಿಸಿಕೊಳ್ಳುವುದು ಜಿಪುಣತನವೇ ಹೊರತು ಮಿತವ್ಯಯವಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ ಕಪ್ಪಾದುದೆಲ್ಲ ಕೆಟ್ಟದ್ದೂ ಅಲ್ಲ. ಎಣ್ಣೆ ನಿಜವಾಗಿ ಕೆಡುವ ಬಗೆ ಬೇರೆ. ಮಸಿ ಮಿತಿಮೀರಿ ಎಣ್ಣೆ ಮಂದವಾಗಬಹುದು. ಆಮ್ಲವನ್ನು ತಡೆಯುವ ರಾಸಾಯನಿಕಗಳು ತೀರಿಹೋಗಬಹುದು. ಉರಿಯದೆ ಉಳಿದ ಡೀಸೆಲ್ ಸೇರಿ ಎಣ್ಣೆ ತೆಳುವಾಗಬಹುದು. ಇವು ಯಾವುವನ್ನೂ ಬಣ್ಣ ತಿಳಿಸುವುದಿಲ್ಲ. ಆದಕಾರಣ ಕಾರಿನ ಕೈಪಿಡಿಯು ಹೇಳುವ ಕಿಲೋಮೀಟರು ಅಥವಾ ತಿಂಗಳುಗಳ ಅವಧಿ, ಇವೆರಡರಲ್ಲಿ ಯಾವುದು ಮೊದಲು ಬರುವುದೋ ಅದೇ ಪ್ರಮಾಣ. ಡಿಪ್‌ಸ್ಟಿಕ್ಕಿನಲ್ಲಿ ನೋಡಬೇಕಾದುದು ಬಣ್ಣವನ್ನಲ್ಲ, ಮಟ್ಟವನ್ನು. ಮಟ್ಟ ಇಳಿದರೆ ಅಪಾಯವೆಂದು ಎಲ್ಲರೂ ಬಲ್ಲರು, ಏರಿದರೂ ಅಪಾಯವೇ. ೨೦೨೦ರ ಏಪ್ರಿಲ್ ೧ರಿಂದ ನಮ್ಮ ದೇಶದಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್ ೬ ನಿಯಮದ ತರುವಾಯ, ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ತಡೆಯುವ ಇನ್ನೊಂದು ಫಿಲ್ಟರು ಇರುತ್ತದೆ. ಅದರಲ್ಲಿ ಕೂಡಿದ ಮಸಿಯನ್ನು ಸುಡಲು ಅನೇಕ ಎಂಜಿನ್ನುಗಳು ಸಿಲಿಂಡರಿಗೆ ಹೆಚ್ಚು ಇಂಧನವನ್ನು ಬಿಡುತ್ತವೆ. ಕಾರು ಸದಾ ಊರೊಳಗೆ ಸ್ವಲ್ಪ ಸ್ವಲ್ಪ ದೂರವೇ ಓಡುತ್ತಿದ್ದರೆ ಈ ಸುಡುವಿಕೆ ಅರ್ಧಕ್ಕೇ ನಿಂತು, ಆ ಇಂಧನದ ಒಂದು ಪಾಲು ಎಣ್ಣೆಗಿಳಿದು, ಮಟ್ಟ ಏರುತ್ತದೆ.

ಎಣ್ಣೆಯ ಆಯ್ಕೆಯಲ್ಲಿಯೂ ಊಹೆಗೆ ಎಡೆಯಿಲ್ಲ. ಡಬ್ಬಿಯ ಮೇಲೆ ಕಾಣುವ ೫ಡಬ್ಲ್ಯು-೩೦ ಎಂಬ ಸಂಕೇತದಲ್ಲಿ ಮೊದಲನೆಯ ಭಾಗ ಚಳಿಯಲ್ಲಿ ಎಣ್ಣೆಯ ನಡತೆಯನ್ನು ಹೇಳುತ್ತದೆ. ೩೦ ಎಂಬುದರ ಅರ್ಥ, ೧೦೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದರ ಸ್ನಿಗ್ಧತೆ ಸೆಕೆಂಡಿಗೆ ೯.೩ರಿಂದ ೧೨.೫ ಚದರ ಮಿಲಿಮೀಟರುಗಳ ನಡುವೆ ಇರುತ್ತದೆಂಬುದು. ದಪ್ಪನೆಯ ಎಣ್ಣೆಯೇ ಬಲವಾದುದೆಂಬ ಭಾವನೆ ತಪ್ಪು. ಕೈಪಿಡಿ ಹೇಳಿದ ಸಂಕೇತವನ್ನೇ ಕೊಳ್ಳತಕ್ಕದ್ದು. ಮಸಿಯ ಫಿಲ್ಟರು ಇರುವ ಕಾರಿಗೆ ಕಡಿಮೆ ಬೂದಿಯ ಎಣ್ಣೆಯೇ ಆಗಬೇಕು. ಏಕೆಂದರೆ ಮಸಿಯನ್ನು ಸುಡಬಹುದು. ಎಣ್ಣೆಯ ರಾಸಾಯನಿಕಗಳಿಂದ ಉಳಿದ ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲಿಯೇ ನಿಲ್ಲುತ್ತದೆ.

ಇನ್ನು ಕೆಲಸದ ಕ್ರಮ. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಕೈ ಸುಡದಷ್ಟು ಬೆಚ್ಚಗಾಗುವವರೆಗೆ ಕಾಯಬೇಕು. ಬೆಚ್ಚಗಿನ ಎಣ್ಣೆಯ ಸ್ನಿಗ್ಧತೆ ಕಡಿಮೆಯಾದುದರಿಂದ ಅದು ಕೊಳೆಯೊಡನೆ ಬೇಗ ಇಳಿಯುತ್ತದೆ. ಕಾರು ಗಟ್ಟಿಯಾದ ಸಮನೆಲದ ಮೇಲಿರಬೇಕು. ಜಾಕಿನ ಮೇಲೆ ಮಾತ್ರ ನಿಂತಿರುವ ಕಾರಿನ ಅಡಿಗೆ ಯಾರೂ, ಯಾವ ಕಾರಣಕ್ಕೂ, ಒಂದು ಕ್ಷಣಕ್ಕೂ ತೂರಬಾರದು. ಭಾರವನ್ನು ಹೊರುವ ಸ್ಟ್ಯಾಂಡುಗಳಾಗಲಿ ಇಳಿಜಾರಿನ ರ್‍ಯಾಂಪಾಗಲಿ ಇಲ್ಲದಿದ್ದರೆ ಈ ಕೆಲಸವನ್ನು ಕೈಬಿಡುವುದೇ ಜಾಣತನ; ಜೀವಕ್ಕಿಂತ ಪ್ರಯೋಗ ದೊಡ್ಡದಲ್ಲ. ಕೈಗೆ ರಬ್ಬರ್ ಗವಸು ಬೇಕು, ಏಕೆಂದರೆ ಬಳಸಿದ ಎಣ್ಣೆ ಮತ್ತೆ ಮತ್ತೆ ಚರ್ಮಕ್ಕೆ ತಗುಲುವುದು ಹಾನಿಕರ. ಅಡಿಯಲ್ಲಿ ಅಗಲವಾದ ಪಾತ್ರೆಯನ್ನಿಟ್ಟು, ಡ್ರೈನ್ ಬೋಲ್ಟನ್ನು ಬಿಚ್ಚಿ, ಎಣ್ಣೆ ಹನಿಹನಿಯಾಗಿ ನಿಲ್ಲುವವರೆಗೆ ಬಿಡಬೇಕು. ಹೀಗೆ ಬಿಟ್ಟರೂ ಎಂಜಿನ್ನಿನ ಸಂದುಗೊಂದುಗಳಲ್ಲಿ ಸ್ವಲ್ಪ ಹಳೆಯ ಎಣ್ಣೆ ಉಳಿದೇ ಇರುತ್ತದೆ. ಹೊಸ ಎಣ್ಣೆ ಬೇಗನೆ ಕಪ್ಪಾಗಲು ಇದೂ ಒಂದು ಕಾರಣ.

ಬೋಲ್ಟಿಗೆ ಹೊಸ ವಾಷರನ್ನು ಹಾಕಿ, ಮೊದಲು ಕೈಬೆರಳಿನಿಂದಲೇ ತಿರುಗಿಸಿ, ಕೊನೆಗೆ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಮಾಡಬೇಕು. ಇಪ್ಪತ್ತೈದು ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಹತ್ತು ಕಿಲೋಗ್ರಾಂ ತೂಕದಷ್ಟು ಬಲವನ್ನು ಪ್ರಯೋಗಿಸಿದರೆ ಸುಮಾರು ೨೫ ನ್ಯೂಟನ್-ಮೀಟರ್ ಟಾರ್ಕ್ ಆಗುತ್ತದೆ. ಪಾಠದಲ್ಲಿ ಬರಿಯ ಅಂಕೆಯಾಗಿದ್ದುದು ಇಲ್ಲಿ ಅಂಗೈಗೆ ಅನುಭವವಾಗುತ್ತದೆ. ಅತಿಯಾಗಿ ಬಿಗಿದರೆ ಮೆತ್ತಗಿನ ಅಲ್ಯುಮಿನಿಯಂ ಮರೆಗಳು ಕಿತ್ತುಬರುತ್ತವೆ. ಅನಂತರ ಹಳೆಯ ಫಿಲ್ಟರನ್ನು ತೆಗೆದು, ಅದರ ರಬ್ಬರ್ ಉಂಗುರ ಎಂಜಿನ್ನಿಗೆ ಅಂಟಿಕೊಂಡು ಉಳಿದಿಲ್ಲವೆಂದು ನೋಡಿ, ಹೊಸದರ ಉಂಗುರಕ್ಕೆ ಎಣ್ಣೆ ಸವರಿ ಕೂಡಿಸಬೇಕು. ಹೊಸ ಎಣ್ಣೆಯನ್ನು ಅಳತೆಗಿಂತ ತುಸು ಕಡಿಮೆ ಹೊಯ್ದು, ಎಂಜಿನ್ನನ್ನು ಚಾಲೂ ಮಾಡಿದರೆ, ಎಣ್ಣೆಯ ಒತ್ತಡವನ್ನು ಸೂಚಿಸುವ ಕೆಂಪು ದೀಪ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ಒಡನೆಯೇ ನಿಲ್ಲಿಸತಕ್ಕದ್ದು. ಆರಿದರೆ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಸೋರಿಕೆಯಿದೆಯೇ ಎಂದು ನೋಡಿ, ಕೆಲವು ನಿಮಿಷಗಳ ತರುವಾಯ ಮಟ್ಟವನ್ನು ಸರಿಪಡಿಸಬೇಕು.

ಇದಕ್ಕೆ ಆಕ್ಷೇಪಣೆಗಳುಂಟು. ಮೆಕ್ಯಾನಿಕರ ಅನ್ನಕ್ಕೆ ಇದು ಅಡ್ಡಿಯಲ್ಲವೇ ಎನ್ನುವವರಿದ್ದಾರೆ. ನಾವು ಹೇಳುತ್ತಿರುವುದು ಒಮ್ಮೆ ಮಾಡಿ ಕಲಿಯಬೇಕೆಂದೇ ಹೊರತು ಸದಾ ತಾವೇ ಮಾಡಬೇಕೆಂದಲ್ಲ. ಕಾರಿನಡಿಯಲ್ಲಿ ಅರ್ಧ ಗಂಟೆ ಅಂಗಾತ ಮಲಗಿದವನು ಆ ಕೆಲಸದವರನ್ನು ಇನ್ನೆಂದೂ ಹಗುರವಾಗಿ ಕಾಣಲಾರನು. ಮಸಿ ಹತ್ತಿದ ಕೈಯನ್ನು ಕೀಳೆಂದೂ ಲೇಖನಿ ಹಿಡಿದ ಕೈಯನ್ನು ಮೇಲೆಂದೂ ಎಣಿಸುವ ಹಳೆಯ ರೋಗ ನಮ್ಮ ಸಮಾಜವನ್ನು ಇನ್ನೂ ಬಿಟ್ಟಿಲ್ಲ. ಅದಕ್ಕೆ ಇದೂ ಒಂದು ಔಷಧ. ಖಾತರಿಯ ಅವಧಿ ಮುಗಿಯದ ಹೊಸ ಕಾರನ್ನು ಮುಟ್ಟಬಾರದೆಂಬ ಆಕ್ಷೇಪಣೆ ನ್ಯಾಯವಾದುದು. ಅಂತಹ ಕಾರನ್ನು ಸರ್ವೀಸ್ ಕೇಂದ್ರಕ್ಕೇ ಬಿಡುವುದು ಕ್ಷೇಮ. ಇನ್ನು ವಿದ್ಯುತ್ ಕಾರಿಗೆ ಎಂಜಿನ್ ಎಣ್ಣೆಯೇ ಬೇಡವಾದಾಗ ಈ ಜ್ಞಾನ ವ್ಯರ್ಥವಲ್ಲವೇ ಎಂಬ ಮಾತು. ಎಣ್ಣೆ ಬೇಡವಾಗಬಹುದು, ಸಂದೇಹವನ್ನು ಅಳತೆಯಿಂದ ಪರಿಹರಿಸಿಕೊಳ್ಳುವ ಅಭ್ಯಾಸ ಯಾವ ಯಂತ್ರಕ್ಕೂ ಬೇಡವಾಗುವುದಿಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಒಂದು ಕರಾರು. ಪಾತ್ರೆಗೆ ಇಳಿದ ಹಳೆಯ ಎಣ್ಣೆಗೆ ಹೊಣೆಯಾರು? ಚರಂಡಿಗೆ ಚೆಲ್ಲುವುದು, ಗೆದ್ದಲಿಗೆಂದು ಬೇಲಿಯ ಕಂಬಗಳಿಗೆ ಬಳಿಯುವುದು, ಧೂಳಡಗಲೆಂದು ಅಂಗಳಕ್ಕೆ ಚಿಮುಕಿಸುವುದು ನಮ್ಮಲ್ಲಿ ಕಾಣುವ ಪದ್ಧತಿಗಳು. ಆ ಎಣ್ಣೆಯಲ್ಲಿ ಸವೆದ ಲೋಹಗಳೂ ಅರೆಸುಟ್ಟ ಇಂಧನದಿಂದ ಹುಟ್ಟಿದ ವಿಷವಸ್ತುಗಳೂ ಇವೆ. ಅವು ಮಣ್ಣಿಗೂ ನೀರಿಗೂ ಸೇರುತ್ತವೆ. ೨೦೧೬ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳು ಬಳಸಿದ ಎಣ್ಣೆಯನ್ನು ತಮ್ಮ ವ್ಯಾಪ್ತಿಗೆ ಸೇರಿಸಿವೆ. ಹಾಗೆಂದು ಅದು ನಿರುಪಯುಕ್ತವಲ್ಲ. ಶುದ್ಧೀಕರಿಸಿದರೆ ಮತ್ತೆ ಎಣ್ಣೆಯಾಗಬಲ್ಲದು. ಆದುದರಿಂದ ನೀರನ್ನಾಗಲಿ ಬೇರೆ ದ್ರವವನ್ನಾಗಲಿ ಬೆರೆಸದೆ ಡಬ್ಬಿಗೆ ತುಂಬಿ, ಫಿಲ್ಟರಿನ ಎಣ್ಣೆಯನ್ನೂ ಬಸಿದು ಸೇರಿಸಿ, ಅಧಿಕೃತ ಶುದ್ಧೀಕರಣದವರಿಗೆ ಎಣ್ಣೆಯನ್ನು ಕಳುಹಿಸುವ ಗ್ಯಾರೇಜಿಗೆ ಅಥವಾ ಸರ್ವೀಸ್ ಕೇಂದ್ರಕ್ಕೆ ಒಪ್ಪಿಸಬೇಕು. ಅವರು ತೆಗೆದುಕೊಳ್ಳುವರೇ ಎಂಬುದನ್ನು ಬೋಲ್ಟನ್ನು ಬಿಚ್ಚುವ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ಇಷ್ಟನ್ನು ಮಾಡಲಾರದವನು ಬೋಲ್ಟಿಗೆ ಕೈಹಚ್ಚದಿರುವುದೇ ಲೇಸು.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರೆಂಬ ಗಾದೆ ನಮ್ಮಲ್ಲಿ ಉಂಟು. ಮನೆಯ ಕಾರಿಗೆ ಎಣ್ಣೆ ಬದಲಿಸುವ ದಿನ ಬಂದಾಗ ನಮ್ಮ ವಿದ್ಯಾರ್ಥಿಗಳು ಹಾಗೆ ಮಾಡದಿರಲಿ. ಕೈಪಿಡಿಯನ್ನು ಓದಿ, ಬಲ್ಲವರನ್ನು ಕರೆದು, ತಾವೇ ಒಮ್ಮೆ ಮಾಡಿ ನೋಡಲಿ. ಮುಂದೆ ಅವರು ಗ್ಯಾರೇಜಿಗೆ ಹೋದಾಗ, ಎಣ್ಣೆ ಏಕೆ ಕಪ್ಪಾಯಿತೆಂದು ಗದರುವ ಬದಲು, ಯಾವ ಸಂಕೇತದ ಎಣ್ಣೆ ಹಾಕಿದಿರಿ, ಫಿಲ್ಟರು ಬದಲಾಯಿತೇ, ಹಳೆಯ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವರು. ಈ ಮೂರು ಪ್ರಶ್ನೆಗಳಿಗೆ ಒಳ್ಳೆಯ ಕೆಲಸಗಾರನು ಸಂತೋಷದಿಂದಲೇ ಉತ್ತರ ಹೇಳುತ್ತಾನೆ.