ಮಣ್ಣೂ ಸೇತುವೆಯ ಒಂದು ಭಾಗ

ವಿದ್ಯಾರ್ಥಿಗಳೇ, ಹೊಸ ಸೇತುವೆಯನ್ನು ಕಂಡಾಗ ನಾವು ಏನನ್ನು ನೋಡುತ್ತೇವೆ? ಎತ್ತರದ ಕಂಬಗಳನ್ನು, ಅಗಲವಾದ ರಸ್ತೆಯನ್ನು. ‘ಎಷ್ಟು ಗಟ್ಟಿಯಾಗಿದೆ!’ ಎನ್ನುತ್ತೇವೆ. ಆದರೆ ಅದನ್ನು ಹೊತ್ತಿರುವ ಅಡಿಪಾಯ ಮತ್ತು ಮಣ್ಣು ನಮಗೆ ಕಾಣುವುದಿಲ್ಲ. ಮಣ್ಣನ್ನೂ ಸೇತುವೆಯ ಒಂದು ಭಾಗವೆಂದೇ ಎಣಿಸಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ.

ಜಪಾನಿನ ನಿಗಾಟ ನಗರದ ನಡುವೆ ಶಿನಾನೊ ನದಿ ಹರಿಯುತ್ತದೆ. 1964ರ ಜೂನ್ 16ರಂದು ಅಲ್ಲಿ 7.5 ಪ್ರಮಾಣದ ಭೂಕಂಪವಾಯಿತು. ನದಿಯ ಮೇಲಿನ ಶೋವಾ ಸೇತುವೆ ಕಟ್ಟಿ ಮುಗಿದು ಆಗ ಸುಮಾರು ಒಂದು ತಿಂಗಳಾಗಿತ್ತು. ಉಕ್ಕಿನ ಕೊಳವೆಗಳನ್ನು ಮರಳಿನೊಳಗೆ ಇಳಿಸಿ, ಅವುಗಳ ಮೇಲೆ ತೊಲೆಗಳನ್ನು ಕೂರಿಸಿದ್ದರು. ಭೂಕಂಪದಲ್ಲಿ ಕಂಬಗಳು ವಾಲಿದವು, ಸೇತುವೆಯ ಐದು ಅಂಕಣಗಳು ಜಾರಿ ನದಿಗೆ ಬಿದ್ದವು. ಆದರೆ ಅದೇ ನದಿಗೆ 1929ರಲ್ಲಿ ಕಟ್ಟಿದ್ದ ಬಂದೈ ಸೇತುವೆ ಪೆಟ್ಟು ತಿಂದರೂ ಬೀಳದೆ ನಿಂತಿತು!

ಹೊಸದು ಬಿದ್ದದ್ದು ಹೇಗೆ? ಸೇರಿನಲ್ಲಿ ರಾಗಿ ಅಳೆಯುವಾಗ ಕುಲುಕಿದರೆ ಕಾಳುಗಳು ಒತ್ತಾಗಿ ಕೆಳಗಿಳಿಯುತ್ತವೆ, ಅಲ್ಲವೇ? ಭೂಮಿ ನಡುಗಿದಾಗ ಸಡಿಲ ಮರಳೂ ಹೀಗೆಯೇ ಒತ್ತಾಗಲು ಹೊರಡುತ್ತದೆ. ಆದರೆ ನದಿಪಾತ್ರದ ಮರಳಿನ ಸಂದುಗಳಲ್ಲಿ ನೀರು ತುಂಬಿರುತ್ತದೆ. ಅದು ಬೇಗನೆ ಹೊರಹೋಗಲಾರದು. ನೀರಿನ ಒತ್ತಡ ಹೆಚ್ಚಿ, ಒಂದನ್ನೊಂದು ಆತುಕೊಂಡಿದ್ದ ಮರಳಿನ ಕಣಗಳು ಬಿಡಿಬಿಡಿಯಾಗುತ್ತವೆ. ಗಟ್ಟಿ ನೆಲ ಗಂಜಿಯಂತಾಗುತ್ತದೆ! ಇದೇ ಮಣ್ಣಿನ ದ್ರವೀಕರಣ. ನಿಗಾಟದಲ್ಲಿ ಇಂತಹ ಮಣ್ಣು ನದಿಯ ಕಡೆಗೆ ಸರಿದು ಕೊಳವೆಗಳನ್ನು ತಳ್ಳಿತು ಎಂಬುದು ಒಂದು ವಿವರಣೆ. ಆಮೇಲೆ ಹೊರತೆಗೆದು ನೋಡಿದ ಕೊಳವೆ ನದಿತಳದ ಕೆಳಗೆ ಬಾಗಿತ್ತು.

ಬಂದೈ ಸೇತುವೆಯ ಅಡಿಪಾಯಗಳು ಬಾವಿಯಂತೆ ಆಳಕ್ಕೆ ಇಳಿಸಿದ ದಪ್ಪ ಅಡಿಪಾಯಗಳು. ಕಾಂಕ್ರೀಟಿನ ಕಮಾನುಗಳು ಕಂಬಗಳೊಂದಿಗೆ ಬೆಸೆದುಕೊಂಡಿದ್ದವು. ಹಾಗೆಂದು ಹಳೆಯದೆಲ್ಲ ಗಟ್ಟಿ ಎಂದುಕೊಳ್ಳಬೇಡಿ. ಮರಳಿರುವಲ್ಲಿ ಸೇತುವೆಯೇ ಬೇಡ ಎಂದೂ ಅಲ್ಲ. ಮರಳನ್ನು ಮೊದಲೇ ಕುಟ್ಟಿ ಒತ್ತಾಗಿಸಬಹುದು. ಅಡಿಪಾಯವನ್ನು ಗಟ್ಟಿ ಪದರದವರೆಗೆ ಇಳಿಸಬಹುದು. ತೊಲೆಗಳು ಜಾರದಂತೆ ಬಿಗಿಯಬಹುದು. ಆದರೆ ಇವೆಲ್ಲಕ್ಕೂ ಮೊದಲು ಕೆಳಗೆ ಯಾವ ಮಣ್ಣಿದೆ ಎಂದು ಕೊರೆದು ತಿಳಿಯಬೇಕು.

‘ಕಾಣದ ಕೆಲಸಕ್ಕೆ ಇಷ್ಟು ಹಣವೇ?’ ಎಂದು ಕೆಲವರು ಕೇಳಬಹುದು. ಭೂಕಂಪವಾದ ದಿನ ಆಂಬುಲೆನ್ಸ್, ಅಗ್ನಿಶಾಮಕ ವಾಹನ ಎಲ್ಲವೂ ಸೇತುವೆ ದಾಟಿಯೇ ಬರಬೇಕು. ಅಂದೇ ಸೇತುವೆ ಬಿದ್ದರೆ ಉಳಿಸಿದ ಹಣದಿಂದ ಏನು ಪ್ರಯೋಜನ?

ನೀವೇ ಮಾಡಿ ನೋಡಿ: ಒಂದು ಬಕೆಟ್‌ನ ತಳದ ಮೇಲೆ ಇಟ್ಟಿಗೆಯೊಂದನ್ನು ನೆಟ್ಟಗೆ ನಿಲ್ಲಿಸಿ. ಸುತ್ತಲೂ ಮರಳನ್ನು ಒತ್ತದೆ ತುಂಬಿ. ಮರಳಿನ ಮಟ್ಟದವರೆಗೆ ನಿಧಾನವಾಗಿ ನೀರು ಹಾಕಿ. ಈಗ ಮರಳಿನ ಮೇಲೆ ಒಂದು ಭಾರವಾದ ಕಲ್ಲನ್ನಿಟ್ಟು ಬಕೆಟ್‌ನ ಬದಿಗೆ ತಟ್ಟುತ್ತಾ ಇರಿ. ಕಲ್ಲು, ಇಟ್ಟಿಗೆ ಇವೆರಡರಲ್ಲಿ ಯಾವುದು ಕುಸಿಯಿತು? ಏಕೆ? ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ. ಮುಂದೆ ಯಾವುದೇ ಸೇತುವೆ ದಾಟುವಾಗ ಒಮ್ಮೆ ಕೆಳಗೂ ನೋಡಿ.